ಹಾಲಿಲ್ಲ, ಮಾಂಸವಿಲ್ಲ, ಹಾಗಾದರೆ ತಟ್ಟೆಯಲ್ಲಿ ಏನಿರುತ್ತದೆ?

ಕಳೆದ ತಿಂಗಳು ವೀಗನ್ ಊಟದ, ಅಂದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟದ ಬಗ್ಗೆ ಒಬ್ಬರು ಕೇಳಿದ್ದ ಪ್ರಶ್ನೆಗೆ ನಾಲ್ಕೇ ಸಾಲಿನಲ್ಲಿ ಉತ್ತರ ಬರೆದಿದ್ದೆ. ಅದನ್ನು ಓದಿ ತುಂಬಾ ಜನ ಪತ್ರ ಬರೆದಿದ್ದೀರಿ. ಕೆಲವರಿಗೆ ಕುತೂಹಲ, ಕೆಲವರಿಗೆ ಭಯ, ಇಬ್ಬರಿಗಂತೂ ಸಿಟ್ಟು. ಹಾಗಾಗಿ ಈ ಸಲ ಇಡೀ ಅಂಕಣ ಇದೇ ವಿಷಯಕ್ಕೆ.

ಪ್ರಶ್ನೆ: ಆಫೀಸಿನ ಗೆಳತಿ ಹುಟ್ಟುಹಬ್ಬಕ್ಕೆ ನಮ್ಮನ್ನೆಲ್ಲ ವೀಗನ್ ರೆಸ್ಟೋರೆಂಟ್‌ಗೆ ಕರೆದಿದ್ದಾಳೆ. ನಾನು ಮಾಂಸ ತಿನ್ನುವವನು. ಅಲ್ಲಿ ಹೊಟ್ಟೆ ತುಂಬುತ್ತಾ? ಮನೆಯಲ್ಲೇ ಏನಾದರೂ ತಿಂದು ಹೋಗಲಾ?

ತಿಂದು ಹೋಗಬೇಡಿ. ಹಸಿದುಕೊಂಡೇ ಹೋಗಿ. ಅರ್ಧ ಹೊಟ್ಟೆ ತುಂಬಿಸಿಕೊಂಡು ಹೋದವರಿಗೆ ಯಾವ ಅಡುಗೆಯೂ ರುಚಿಸುವುದಿಲ್ಲ.

ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ಮಾಂಸವೂ ಇಲ್ಲ, ಹಾಲು-ಮೊಟ್ಟೆಯೂ ಇಲ್ಲ ಎಂದರೆ ಒಂದಿಷ್ಟು ಸೊಪ್ಪು, ಹೆಚ್ಚಿದ ಸೌತೆಕಾಯಿ ಅಷ್ಟೇ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಬರೀ ಸಲಾಡ್ ಆರ್ಡರ್ ಮಾಡಿದರೆ ಒಂದೆರಡು ಗಂಟೆಯಲ್ಲಿ ಮತ್ತೆ ಹಸಿವಾಗುವುದೂ ನಿಜ. ಹೊಟ್ಟೆಯಲ್ಲಿ ನಿಲ್ಲುವುದು ಕಾಳು, ಧಾನ್ಯ, ಗೋಡಂಬಿ-ಬಾದಾಮಿಯಂಥ ಬೀಜ ಮತ್ತು ಸ್ವಲ್ಪ ಎಣ್ಣೆ. ಮೆನು ಕೈಗೆ ಬಂದಾಗ ಮೊದಲು ಈ ಪದಗಳನ್ನು ಹುಡುಕಿ. ತೋಫು ಕಂಡರೆ ಅದು ಸೋಯಾ ಹಾಲನ್ನು ಒಡೆಸಿ, ನೀರು ಬಸಿದು, ಒತ್ತಿ ಮಾಡಿದ ಗಡ್ಡೆ. ಟೆಂಪೆ ಕಂಡರೆ ಒಮ್ಮೆ ತಿಂದು ನೋಡಿ. ಇಂಡೋನೇಷ್ಯಾದಿಂದ ಬಂದದ್ದು. ಬೇಯಿಸಿದ ಸೋಯಾ ಕಾಳಿಗೆ ಒಂದು ಬಗೆಯ ಬೂಷ್ಟನ್ನು ಸೇರಿಸಿ ಬೆಚ್ಚಗೆ ಇಡುತ್ತಾರೆ. ಒಂದೆರಡು ದಿನದಲ್ಲಿ ಕಾಳೆಲ್ಲ ಒಂದಕ್ಕೊಂದು ಹಿಡಿದುಕೊಂಡು ಹಲಗೆಯಂತೆ ಗಟ್ಟಿಯಾಗುತ್ತದೆ. ಕತ್ತರಿಸಿದ ಬದಿಯಲ್ಲಿ ಪ್ರತಿ ಕಾಳೂ ಬೇರೆ ಬೇರೆ ಕಾಣುತ್ತದೆ, ನಡುವೆ ಹತ್ತಿಯಂತೆ ಬಿಳಿ ಎಳೆ. ಗಾಬರಿ ಬೇಡ, ಅದು ಕೆಟ್ಟದ್ದಲ್ಲ, ಅದೇ ಟೆಂಪೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೊದಲ ಸಲ ಹೋದಾಗ ಮಾಂಸದಂತೆ ಕಾಣುವ ಐಟಂ ಆರ್ಡರ್ ಮಾಡಬೇಡಿ. ಮಾಡಿದರೆ ಪ್ರತಿ ತುತ್ತಿಗೂ ನಿಮ್ಮ ನಾಲಿಗೆ ಹೋಲಿಕೆ ಮಾಡುತ್ತಾ ಕೂರುತ್ತದೆ, ಏನೋ ಕಡಿಮೆಯಾಯಿತು ಅನ್ನಿಸುತ್ತದೆ, ಆ ಅಡುಗೆಮನೆಯವರಿಗೆ ನಿಜವಾಗಿ ಏನು ಬರುತ್ತದೆ ಎಂಬುದು ಗೊತ್ತೇ ಆಗುವುದಿಲ್ಲ. ಅದರ ಬದಲು ಅಣಬೆ, ಬದನೆಕಾಯಿ, ಹೂಕೋಸು, ಹೀಗೆ ತರಕಾರಿಯ ಹೆಸರನ್ನೇ ಇಟ್ಟುಕೊಂಡಿರುವ ಐಟಂ ತೆಗೆದುಕೊಳ್ಳಿ. ಬೆಂಕಿಗೆ ಹೆದರದ ಅಡುಗೆಯವರಾದರೆ ಹೂಕೋಸಿನ ಅಂಚು ಕಡು ಕಂದು ಬಣ್ಣಕ್ಕೆ ಬಂದಿರುತ್ತದೆ, ಅಲ್ಲಲ್ಲಿ ಕರಿ ಚುಕ್ಕೆ, ಒಳಗೆ ಮೆತ್ತಗೆ. ಬಿಳಿಚಿಕೊಂಡು ಒದ್ದೆಯಾಗಿ ಬಂದರೆ ಆ ಅಡುಗೆಮನೆಯ ಬಗ್ಗೆ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯ. ಮಾಂಸದ ಸಾರಿನಲ್ಲಿ ನಿಮಗೆ ಹಿಡಿಸುವ ಆ ತುಂಬು ರುಚಿ ಇದೆಯಲ್ಲ, ಉಮಾಮಿ, ಅದನ್ನು ಮೊದಲು ಗುರುತಿಸಿದ್ದೇ ಒಂದು ಕಡಲಕಳೆಯಲ್ಲಿ. ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಆ ರುಚಿ ಗ್ಲುಟಮೇಟ್‌ನಿಂದ ಬರುತ್ತದೆ ಎಂದು ಗುರುತಿಸಿದ್ದು ಕೊಂಬು ಎಂಬ ಕಡಲಕಳೆಯ ಸಾರಿನಲ್ಲಿ. ಒಣಗಿಸಿದ ಶಿಟಾಕೆ ಅಣಬೆಯನ್ನು ಅದರ ಜತೆ ಸೇರಿಸಿದರೆ ರುಚಿ ಇನ್ನೂ ಏರುತ್ತದೆ. ಮೆನುವಿನಲ್ಲಿ ಇವೆರಡೂ ಇರುವ ಸೂಪ್ ಕಂಡರೆ ಅದರಿಂದಲೇ ಶುರು ಮಾಡಿ.

ಪ್ರಶ್ನೆ: ನಾನು ವೀಗನ್ ಆಗಿ ಎಂಟು ತಿಂಗಳಾಯಿತು. ಗೆಳೆಯರ ಜತೆ ಸಾಮಾನ್ಯ ಹೋಟೆಲಿಗೆ ಹೋದಾಗ ಸರ್ವರ್ ಹತ್ತಿರ ಹತ್ತು ಪ್ರಶ್ನೆ ಕೇಳಲು ಮುಜುಗರ. ಕೇಳಿದರೂ "ವೆಜ್ಜೇ ಸಾರ್" ಅನ್ನುತ್ತಾರೆ. ಏನು ಮಾಡಲಿ?

ಈ ಗೊಂದಲ ಎಂಬತ್ತು ವರ್ಷದಷ್ಟು ಹಳೆಯದು. ಇಂಗ್ಲೆಂಡಿನಲ್ಲಿ ಮಾಂಸ ಬಿಟ್ಟು ಹಾಲು-ಮೊಟ್ಟೆ ತಿನ್ನುವವರೂ ವೆಜಿಟೇರಿಯನ್ನರೇ ಆಗಿದ್ದರು. ಎರಡನ್ನೂ ಬಿಟ್ಟವರಿಗೆ ಬೇರೆ ಪದ ಬೇಕಿತ್ತು. 1944ರ ನವೆಂಬರ್‌ನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವರು ಸೇರಿ ವೀಗನ್ ಸೊಸೈಟಿ ಶುರು ಮಾಡಿದರು. ವೆಜಿಟೇರಿಯನ್ ಎಂಬ ಇಂಗ್ಲಿಷ್ ಪದದ ಮೊದಲ ಮೂರು, ಕೊನೆಯ ಎರಡು ಅಕ್ಷರ ಜೋಡಿಸಿದರೆ ವೀಗನ್. ಆ ಪದ ಇನ್ನೂ ಎಲ್ಲ ಅಡುಗೆಮನೆಗೆ ತಲುಪಿಲ್ಲ. ಆದ್ದರಿಂದ ಪದದ ಮೇಲೆ ಭಾರ ಹಾಕಬೇಡಿ, ಪದಾರ್ಥದ ಹೆಸರು ಹಿಡಿದು ಕೇಳಿ.

ನನಗೆ ಇದು ಗೊತ್ತಾದದ್ದು ಒಂದು ಟೊಮೆಟೊ ಸೂಪಿನಿಂದ. "ಹಾಲು, ಕೆನೆ ಏನಾದರೂ ಇದೆಯಾ?" ಎಂದು ಕೇಳಿದ್ದೆ. ಇಲ್ಲ ಎಂದರು. ಸೂಪ್ ಬಂತು. ಬಾಯಿಗೆ ಇಡುವ ಮೊದಲೇ ಬೆಣ್ಣೆಯ ವಾಸನೆ, ಮೇಲೆ ಸಣ್ಣ ಸಣ್ಣ ಹಳದಿ ಹನಿ ತೇಲುತ್ತಿತ್ತು. ಸರ್ವರ್ ಸುಳ್ಳು ಹೇಳಿರಲಿಲ್ಲ. ಸೂಪಿಗೆ ಹಾಲು ಹಾಕಿರಲಿಲ್ಲ, ಕೆನೆ ಹಾಕಿರಲಿಲ್ಲ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಹುರಿದಿದ್ದರು ಅಷ್ಟೇ. ನಾನು ಕೇಳಬೇಕಾದ ಪ್ರಶ್ನೆ ಕೇಳಿರಲಿಲ್ಲ.

ಅಂದಿನಿಂದ ನಾನು ಕೇಳುವುದು ಮೂರೇ ಪ್ರಶ್ನೆ. ಯಾವುದರಲ್ಲಿ ಹುರಿದಿದ್ದೀರಿ? ಯಾವ ನೀರಿನಲ್ಲಿ ಬೇಯಿಸಿದ್ದೀರಿ, ಬರೀ ನೀರಾ, ಮಾಂಸ-ಮೂಳೆ ಬೇಯಿಸಿದ ಸ್ಟಾಕಾ? ಕೊನೆಯಲ್ಲಿ ಮೇಲೆ ಏನು ಹಾಕುತ್ತೀರಿ? ಅಡುಗೆ ನಡೆಯುವ ಕ್ರಮದಲ್ಲೇ ಇವೆ, ಹಾಗಾಗಿ ಅಡುಗೆಯವರು ತಡವರಿಸದೆ ಉತ್ತರ ಕೊಡುತ್ತಾರೆ. ಇದರ ಜತೆಗೆ ಕೆಲವು ಅಡಗಿ ಕೂತ ಪದಾರ್ಥಗಳು ನೆನಪಿರಲಿ. ಹಲವು ಏಷ್ಯನ್ ಸಾಸ್‌ಗಳಲ್ಲಿ ಮೀನಿನ ರಸ, ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು, ಆಗಷ್ಟೇ ಕಲಸಿ ಮಾಡಿದ ಪಾಸ್ತಾದಲ್ಲಿ ಮೊಟ್ಟೆ, ಜೆಲ್ಲಿ ಮತ್ತು ಮೌಸ್‌ನಂಥ ಸಿಹಿಗಳಲ್ಲಿ ಪ್ರಾಣಿಯ ಮೂಳೆ-ಚರ್ಮದಿಂದ ತೆಗೆದ ಜೆಲಾಟಿನ್. ನಾನ್-ಡೈರಿ ಎಂದು ಬರೆದಿರುವ ಎಷ್ಟೋ ಕಾಫಿಗೆ ಹಾಕುವ ಕೆನೆ ಪುಡಿಗಳಲ್ಲಿ ಹಾಲಿನಿಂದಲೇ ತೆಗೆದ ಕೇಸಿನೇಟ್ ಇರುತ್ತದೆ. ಬ್ರೆಡ್ ಮೇಲೆ ಹೊಳಪು ಕಂಡರೆ ಮೊಟ್ಟೆ ಸವರಿದ್ದಾರಾ ಎಂದು ಕೇಳಿ. ಜೇನುತುಪ್ಪವನ್ನೂ ವೀಗನ್ನರು ತಿನ್ನುವುದಿಲ್ಲ ಎಂಬುದು ಬಹಳ ಕಡೆ ಗೊತ್ತೇ ಇರುವುದಿಲ್ಲ.

ಮುಜುಗರದ ಮಾತು. ಗೆಳೆಯರ ಮುಂದೆ ಕೇಳಲು ಕಷ್ಟವಾದರೆ ಅದೇ ದಿನ ಮಧ್ಯಾಹ್ನ, ಜನ ಕಡಿಮೆ ಇರುವ ಹೊತ್ತಿನಲ್ಲಿ ಫೋನ್ ಮಾಡಿ ಕೇಳಿ. ನುಗ್ಗಾಟದ ಹೊತ್ತಿನಲ್ಲಿ ಬರುವ ಉತ್ತರಕ್ಕಿಂತ ಆ ಹೊತ್ತಿನ ಉತ್ತರ ನಂಬಲರ್ಹ. ದುಡ್ಡು ಕೊಟ್ಟು ತಿನ್ನುವವರು ಏನು ತಿನ್ನುತ್ತಿದ್ದೇವೆ ಎಂದು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ಮಾಂಸ ಬೇಡ ಎಂದವರಿಗೆ ಮಾಂಸದ ಹಾಗೇ ಕಾಣುವ, ಹಾಗೇ ರುಚಿಸುವ ಪದಾರ್ಥ ಯಾಕೆ ಬೇಕು? ನಮ್ಮ ತಂದೆಯವರು ಇದನ್ನು ಮೋಸ ಅನ್ನುತ್ತಾರೆ.

ಎಲ್ಲರೂ ಮಾಂಸದ ರುಚಿ ಹಿಡಿಸದೆ ಬಿಟ್ಟವರಲ್ಲ. ಪ್ರಾಣಿಯನ್ನು ಕೊಲ್ಲುವುದು ಬೇಡ ಎಂದು ಬಿಟ್ಟವರಿಗೆ ಆ ರುಚಿಯ ಆಸೆ ಉಳಿದಿರಬಹುದು. ಅದರಲ್ಲಿ ತಪ್ಪೇನಿಲ್ಲ ಅಲ್ವಾ? ಇದು ಹೊಸ ಕಂಪನಿಗಳ ಉಪಾಯವೂ ಅಲ್ಲ. ಚೀನಾದ ಬೌದ್ಧ ವಿಹಾರಗಳಲ್ಲಿ ಗೋಧಿಯ ಅಂಟಿನಿಂದ ಮಾಂಸದಂಥ ಅಡುಗೆ ಮಾಡುವುದು ನೂರಾರು ವರ್ಷದ ರೂಢಿ. ಈಗ ಅದನ್ನು ಸೈತಾನ್ ಎಂಬ ಹೆಸರಿನಲ್ಲಿ ಮೆನುಗಳಲ್ಲಿ ಕಾಣುತ್ತೀರಿ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ನೆನೆಯಲು ಬಿಟ್ಟು, ಆಮೇಲೆ ನೀರಿನೊಳಗೆ ಹಿಚುಕುತ್ತಾ ತೊಳೆಯಬೇಕು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ಬದಲಿಸುತ್ತಾ ತೊಳೆದ ಹಾಗೆ ಮುದ್ದೆ ಚಿಕ್ಕದಾಗುತ್ತದೆ, ಕೊನೆಗೆ ಕೈಯಲ್ಲಿ ಉಳಿಯುವುದು ರಬ್ಬರಿನಂತೆ ಎಳೆದರೆ ಹಿಗ್ಗುವ ಅಂಟು. ನೀರು ಬಿಟ್ಟರೆ ಅದರಲ್ಲಿ ಹೆಚ್ಚಿನದು ಪ್ರೋಟೀನ್.

ಹೊಸ ಕಾಲದ್ದೂ ಇದೆ. 2016ರಲ್ಲಿ ನ್ಯೂಯಾರ್ಕ್‌ನ ರೆಸ್ಟೋರೆಂಟ್ ಒಂದರಲ್ಲಿ ಮೊದಲು ಬಡಿಸಿದ ಇಂಪಾಸಿಬಲ್ ಬರ್ಗರ್ ಪೂರ್ತಿ ಸಸ್ಯದ್ದು, ಆದರೂ ಕಚ್ಚಿದರೆ ಒಳಗೆ ಕೆಂಪು ರಸ. ಅದು ಬಂದದ್ದು ಸೋಯಾದಲ್ಲಿರುವ ಕೆಂಪು ಪ್ರೋಟೀನ್ ಲೆಗ್‌ಹಿಮೋಗ್ಲೋಬಿನ್‌ನಿಂದ. ಸೋಯಾ ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿದರೆ ಒಳಗೆ ತಿಳಿಗೆಂಪು ಕಾಣುತ್ತದಲ್ಲ, ಆ ಬಣ್ಣ ಅದರದೇ. ಕಂಪನಿಯವರು ಅದನ್ನು ಬೇರಿನಿಂದ ತೆಗೆಯುವುದಿಲ್ಲ, ಯೀಸ್ಟ್‌ನಲ್ಲಿ ಬೆಳೆಸುತ್ತಾರೆ.

ಆದರೂ ತಂದೆಯವರ ಮಾತಿನಲ್ಲಿ ನಾನು ಒಪ್ಪುವ ಭಾಗ ಒಂದಿದೆ. ಹೆಸರು ನೇರವಾಗಿರಬೇಕು. ಯುರೋಪಿನ ನ್ಯಾಯಾಲಯ 2017ರಲ್ಲಿ ಬರೀ ಸಸ್ಯದಿಂದ ಮಾಡಿದ್ದನ್ನು ಹಾಲು, ಬೆಣ್ಣೆ, ಚೀಸ್ ಎಂಬ ಹೆಸರಿನಲ್ಲಿ ಮಾರುವಂತಿಲ್ಲ ಎಂದಿತು. ತೆಂಗಿನ ಹಾಲು, ಕಡಲೆಕಾಯಿ ಬೆಣ್ಣೆಯಂಥ ಹಳೆಯ ಹೆಸರುಗಳಿಗೆ ವಿನಾಯಿತಿ ಇದೆ. ನನ್ನ ಮಟ್ಟಿಗೆ ಗೋಡಂಬಿ ಚೀಸ್ ಎಂದು ಬರೆದರೆ ಯಾರಿಗೂ ಮೋಸವಾಗುವುದಿಲ್ಲ, ಗೋಡಂಬಿ ಎಂದು ಹೇಳಿಯೇ ಇದ್ದಾರೆ. ಬರೀ ಚೀಸ್ ಎಂದು ಬರೆದು ಸುಮ್ಮನಿರುವುದು ಮಾತ್ರ ಸರಿಯಲ್ಲ.

ಪ್ರಶ್ನೆ: ಆರು ವರ್ಷದ ಮಗನಿಗೆ ಹಾಲಿನ ಅಲರ್ಜಿ. ಹೊರಗೆ ಊಟಕ್ಕೆ ಹೋಗುವುದನ್ನೇ ಬಿಟ್ಟಿದ್ದೇವೆ. ವೀಗನ್ ರೆಸ್ಟೋರೆಂಟ್ ಆದರೆ ಧೈರ್ಯವಾಗಿ ಹೋಗಬಹುದಲ್ವಾ?

ಹೋಗಬಹುದು. ಆದರೆ ವೀಗನ್ ಎಂಬ ಬೋರ್ಡ್ ನೋಡಿಯೇ ಧೈರ್ಯ ತಂದುಕೊಳ್ಳಬೇಡಿ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ವೀಗನ್ ಎಂದರೆ ಬೇಕೆಂದು ಹಾಲು ಹಾಕಿಲ್ಲ ಎಂದರ್ಥ. ಅಲರ್ಜಿ ಇರುವವರಿಗೆ ಬೇಕಾದದ್ದು ತಪ್ಪಿಯೂ ಹಾಲು ತಾಗಿಲ್ಲ ಎಂಬ ಭರವಸೆ. ಎರಡೂ ಒಂದೇ ಅಲ್ಲ. ಡಾರ್ಕ್ ಚಾಕೊಲೇಟನ್ನೇ ತೆಗೆದುಕೊಳ್ಳಿ. ಎಷ್ಟೋ ಸಲ ಪದಾರ್ಥಗಳ ಪಟ್ಟಿಯಲ್ಲಿ ಹಾಲು ಇರುವುದಿಲ್ಲ, ಆದರೆ ಹಾಲಿನ ಚಾಕೊಲೇಟ್ ಮಾಡಿದ ಅದೇ ಯಂತ್ರದಲ್ಲಿ ಅದನ್ನೂ ಮಾಡಿರಬಹುದು. ವೀಗನ್ನರಿಗೆ ಅದು ನಡೆಯುತ್ತದೆ, ನಿಮ್ಮ ಮಗನಿಗೆ ನಡೆಯದಿರಬಹುದು. ಎಲ್ಲ ಬಗೆಯ ಅಡುಗೆ ಮಾಡಿ ಮೆನುವಿನ ಒಂದು ಪುಟದಲ್ಲಿ ಮಾತ್ರ ವೀಗನ್ ಐಟಂ ಇಟ್ಟಿರುವ ಕಡೆ ಅಪಾಯ ಇನ್ನೂ ಜಾಸ್ತಿ. ಅದೇ ತವೆ, ಅದೇ ಸೌಟು, ಅದೇ ಕತ್ತರಿಸುವ ಹಲಗೆ. ಅಡುಗೆಮನೆಯೇ ಪೂರ್ತಿ ಸಸ್ಯದ್ದಾಗಿದ್ದರೆ ಆ ಅಪಾಯ ಬಹಳ ಕಡಿಮೆ. ಹಾಗಾಗಿ ಮೊದಲ ಪ್ರಶ್ನೆ: ಈ ಅಡುಗೆಮನೆಯೊಳಗೆ ಹಾಲು ಬರುತ್ತದೆಯೇ, ಕಾಫಿ-ಟೀಗಾದರೂ?

ಎರಡನೆಯದು, ಹಾಲು ಹೋದ ಜಾಗಕ್ಕೆ ಏನು ಬಂದಿದೆ ಎಂದು ನೋಡಿ. ಇಲ್ಲಿ ಕೆನೆ ಎಂದರೆ ಬಹಳ ಸಲ ಗೋಡಂಬಿ. ಹಾಲು ಎಂದರೆ ಬಾದಾಮಿ, ಸೋಯಾ ಅಥವಾ ಓಟ್ಸ್. ಸಾಸ್‌ಗಳಲ್ಲಿ ಎಳ್ಳು, ಮಾಂಸದಂಥ ಐಟಂಗಳಲ್ಲಿ ಗೋಧಿಯ ಅಂಟು. ಕೆಲವು ಬ್ರೆಡ್ಡುಗಳಲ್ಲಿ ಲೂಪಿನ್ ಎಂಬ ಕಾಳಿನ ಹಿಟ್ಟು ಇರುತ್ತದೆ, ಕಡಲೆಕಾಯಿ ಅಲರ್ಜಿ ಇರುವ ಕೆಲವರಿಗೆ ಅದೂ ಆಗುವುದಿಲ್ಲ. ಮಗುವಿಗೆ ಹಾಲಿನ ಜತೆ ಇವುಗಳಲ್ಲಿ ಯಾವುದಾದರೂ ಆಗುವುದಿಲ್ಲ ಎಂದಿದ್ದರೆ ವೀಗನ್ ರೆಸ್ಟೋರೆಂಟ್ ಸಾಮಾನ್ಯ ಹೋಟೆಲಿಗಿಂತ ಕಷ್ಟದ ಜಾಗವಾಗಬಹುದು.

ಟೇಬಲ್ ಬುಕ್ ಮಾಡುವಾಗಲೇ ಹೇಳಿ. ಹೋದ ಮೇಲೆ ಮತ್ತೆ ಹೇಳಿ, ಸಾಧ್ಯವಾದರೆ ಶೆಫ್ ಹತ್ತಿರವೇ. "ಹಾಲು ಬೇಡ" ಎಂದರೆ ಇಷ್ಟವಿಲ್ಲ ಎಂದುಕೊಳ್ಳುತ್ತಾರೆ. "ಹಾಲಿನ ಅಲರ್ಜಿ, ಸ್ವಲ್ಪ ತಾಗಿದರೂ ಮಗುವಿಗೆ ಉಸಿರು ಕಟ್ಟಬಹುದು" ಎಂದು ಹೀಗೇ ಬಿಡಿಸಿ ಹೇಳಿ, ನಿಮ್ಮ ಮಗನಿಗೆ ಏನಾಗುತ್ತದೋ ಅದನ್ನು. ಡಾಕ್ಟರ್ ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದು ಕಾರಿನಲ್ಲಲ್ಲ, ನಿಮ್ಮ ಕೈಚೀಲದಲ್ಲಿರಲಿ. ಸರ್ವರ್ "ಏನೂ ಆಗಲ್ಲ ಬಿಡಿ" ಎಂದು ತೇಲಿಸಿದರೆ ಎದ್ದು ಬನ್ನಿ. "ಒಂದು ನಿಮಿಷ, ಪ್ಯಾಕೆಟ್ ನೋಡಿ ಬರುತ್ತೇನೆ" ಅನ್ನುವವರು ಸಿಕ್ಕರೆ ಅಲ್ಲಿ ಕೂರಿ.

ಅಲರ್ಜಿ ಅಲ್ಲ, ಹಾಲು ಜೀರ್ಣವಾಗುವುದಿಲ್ಲ ಅಷ್ಟೇ ಎಂದು ಬರೆದ ಇನ್ನಿಬ್ಬರಿಗೆ: ಅದು ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್‌ನ ತೊಂದರೆ, ಬೇರೆಯದು. ನೀವು ನೆಮ್ಮದಿಯಾಗಿ ಹೋಗಿ ಬನ್ನಿ.

ಪ್ರಶ್ನೆ: ವೀಗನ್ ಊಟ ಆರೋಗ್ಯಕ್ಕೆ ಒಳ್ಳೆಯದು ಎಂದು ವಾರಕ್ಕೆ ಮೂರು ಸಲ ಬರ್ಗರ್, ಪಿಜ್ಜಾ ತಿನ್ನುತ್ತಿದ್ದೇನೆ. ಸರಿನಾ?

ಸರಿಯಲ್ಲ. ಪಿಜ್ಜಾ ಮೇಲಿನ ವೀಗನ್ ಚೀಸ್ ಎಷ್ಟೋ ಸಲ ಪಿಷ್ಟ ಮತ್ತು ತೆಂಗಿನೆಣ್ಣೆ, ಪ್ರೋಟೀನ್ ಇಲ್ಲ ಎನ್ನುವಷ್ಟು ಕಡಿಮೆ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇ 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್, ಅಂದರೆ ಜಾಸ್ತಿ ತಿಂದರೆ ಹೃದಯಕ್ಕೆ ಒಳ್ಳೆಯದಲ್ಲದ ಬಗೆ; ಬೆಣ್ಣೆಯ ಕೊಬ್ಬಿನಲ್ಲಿ ಶೇ 60ರ ಆಸುಪಾಸು. ಉಪ್ಪೂ ಜಾಸ್ತಿ ಇರುತ್ತದೆ. ಆಸೆಗೆ ತಿನ್ನಿ, ಆರೋಗ್ಯದ ಹೆಸರಿನಲ್ಲಿ ಬೇಡ. ಪೂರ್ತಿ ವೀಗನ್ ಆಗಿದ್ದರೆ ವಿಟಮಿನ್ ಬಿ12 ಮರೆಯಬೇಡಿ. ಅದನ್ನು ಬ್ಯಾಕ್ಟೀರಿಯಾಗಳು ಮಾಡುತ್ತವೆ, ಗಿಡ ಮಾಡುವುದಿಲ್ಲ. ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಬೇಕೇ ಬೇಕು.

ಪ್ರಶ್ನೆ: ಇದೆಲ್ಲ ಸುಮ್ನೆ ಫ್ಯಾಷನ್ ಅಲ್ವಾ? ದೊಡ್ಡ ದೊಡ್ಡ ರೆಸ್ಟೋರೆಂಟ್‌ಗಳೇ ಮತ್ತೆ ಮಾಂಸಕ್ಕೆ ವಾಪಸಾಗುತ್ತಿವೆಯಂತೆ.

ನೀವು ಹೇಳುತ್ತಿರುವುದು ಬಹುಶಃ ನ್ಯೂಯಾರ್ಕ್‌ನ ಇಲೆವೆನ್ ಮ್ಯಾಡಿಸನ್ ಪಾರ್ಕ್ ಬಗ್ಗೆ. ಶೆಫ್ ಡೇನಿಯಲ್ ಹಮ್ 2021ರಲ್ಲಿ ಮೆನು ಪೂರ್ತಿ ಬದಲಿಸಿ ಸಸ್ಯದ ಅಡುಗೆಗೆ ಬಂದರು. ಆಗಲೂ ಕಾಫಿಗೆ ಹಾಲು, ಟೀಗೆ ಜೇನು ಬೇಕೆಂದವರಿಗೆ ಸಿಗುತ್ತಿತ್ತು. ಒಳ್ಳೆಯ ರೆಸ್ಟೋರೆಂಟ್‌ಗಳಿಗೆ ಮಿಶೆಲಿನ್ ಗೈಡ್ ಕೊಡುವ ಸ್ಟಾರ್‌ಗಳಲ್ಲಿ ಅದಕ್ಕಿದ್ದ ಮೂರೂ ಹಾಗೇ ಉಳಿದವು. 2025ರ ಅಕ್ಟೋಬರ್‌ನಲ್ಲಿ ಮಾಂಸ ಮೆನುವಿಗೆ ವಾಪಸ್ ಬಂತು, ಸಸ್ಯದ ಅಡುಗೆಯನ್ನೂ ಉಳಿಸಿಕೊಂಡಿದ್ದಾರೆ. ಫ್ರಾನ್ಸಿನ ಆರೆಸ್ ಎಂಬ ಸಣ್ಣ ಊರಿನಲ್ಲಿ ಕ್ಲೇರ್ ವಾಲೆ ನಡೆಸುತ್ತಿದ್ದ ಓನಾ 2021ರಲ್ಲಿ ಮಿಶೆಲಿನ್ ಸ್ಟಾರ್ ಪಡೆಯಿತು. ಆ ದೇಶದ ವೀಗನ್ ರೆಸ್ಟೋರೆಂಟ್‌ಗಳಲ್ಲಿ ಅದೇ ಮೊದಲು. 2022ರಲ್ಲಿ ಅದು ಮುಚ್ಚಿತು.

ಇವು ನಿಜ. ಆದರೆ ಜ್ಯೂರಿಕ್‌ನ ಹಿಲ್ಟ್ಲ್ ರೆಸ್ಟೋರೆಂಟ್ 1898ರಿಂದ ಮಾಂಸವಿಲ್ಲದೆ ನಡೆಯುತ್ತಿದೆ. ಎರಡು ಮಹಾಯುದ್ಧ ದಾಟಿ ಬಂದದ್ದನ್ನು ಫ್ಯಾಷನ್ ಎಂದು ಹೇಗೆ ಹೇಳಲಿ? ರೆಸ್ಟೋರೆಂಟ್ ಮುಚ್ಚುವುದಕ್ಕೆ ಬಾಡಿಗೆ, ಸಂಬಳ, ಖಾಲಿ ಟೇಬಲ್ ಹೀಗೆ ನೂರು ಕಾರಣ ಇರುತ್ತವೆ, ಮಾಂಸ ಬಡಿಸುವ ರೆಸ್ಟೋರೆಂಟ್‌ಗಳೂ ದಿನಾ ಮುಚ್ಚುತ್ತವೆ.

ಪ್ರಶ್ನೆ: ಮಗಳು ಒಂದು ವರ್ಷದಿಂದ ವೀಗನ್. ಊಟಕ್ಕೆ ಕೂತರೆ ಅಪ್ಪ-ಮಗಳ ನಡುವೆ ಮಾತಿಗೆ ಮಾತು. ಅವಳು ಅಂಕಿ-ಅಂಶ ಹೇಳುತ್ತಾಳೆ, ಇವರು ಸಿಟ್ಟಾಗುತ್ತಾರೆ. ಮುಂದಿನ ವಾರ ಮೊದಲ ಸಂಬಳದಲ್ಲಿ ನಮ್ಮಿಬ್ಬರನ್ನೂ ತನ್ನ ಇಷ್ಟದ ರೆಸ್ಟೋರೆಂಟ್‌ಗೆ ಕರೆದುಕೊಂಡು ಹೋಗುತ್ತಾಳಂತೆ. ನನಗೆ ಈಗಲೇ ಎದೆ ಡವಡವ.

ಅಮ್ಮ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಂಬಳದಲ್ಲಿ ಅವಳು ನಿಮ್ಮನ್ನು ಕರೆದಿದ್ದಾಳೆ ಎಂಬುದನ್ನು ನಿಮ್ಮ ಯಜಮಾನರಿಗೆ ಇನ್ನೊಮ್ಮೆ ನೆನಪಿಸಿ. ಅದು ವಾದಕ್ಕೆ ಕರೆದದ್ದಲ್ಲ.

ಮಗಳ ಮಾತಿನಲ್ಲಿ ಹುರುಳಿದೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ-ಫಾರ್ಮುಗಳ ಲೆಕ್ಕ ಒಟ್ಟು ಮಾಡಿ, ಅಷ್ಟೇ ಪ್ರೋಟೀನಿಗೆ ಬಟಾಣಿಗಿಂತ ದನದ ಮಾಂಸ ಎಷ್ಟೋ ಪಟ್ಟು ಜಾಸ್ತಿ ಹಸಿರುಮನೆ ಅನಿಲ ಬಿಡುತ್ತದೆ ಎಂದು ತೋರಿಸಿದ್ದಾರೆ. ಆದರೆ ಸರಿಯಾದ ಮಾತನ್ನೂ ತುತ್ತು ಎತ್ತುವಾಗ ಹೇಳಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ಅವಳಿಗೆ ನೀವೇ ಮೆತ್ತಗೆ ಹೇಳಿ, ಹೊರಡುವ ಮೊದಲೇ.

ಅಲ್ಲಿ ಹೋದ ಮೇಲೆ ಮೆನು ಅವಳ ಕೈಗೇ ಕೊಡಿ. "ಇಲ್ಲಿ ನಿನಗೆ ಯಾವುದು ತುಂಬಾ ಇಷ್ಟ?" ಎಂದು ಅಪ್ಪನೇ ಕೇಳಲಿ. ಮೂವರಿಗೂ ಬೇರೆ ಬೇರೆ ಐಟಂ ತರಿಸಿ ಮಧ್ಯದಲ್ಲಿಟ್ಟು ಹಂಚಿಕೊಳ್ಳಿ. ಆಗ ಒಂದು ಹಿಡಿಸದಿದ್ದರೆ ಇನ್ನೊಂದಿರುತ್ತದೆ. ಹಿಡಿಸದ್ದನ್ನು ಚೆನ್ನಾಗಿದೆ ಎಂದು ಹೊಗಳಬೇಕಾಗಿಲ್ಲ, ಮಗಳಿಗೆ ಗೊತ್ತಾಗುತ್ತದೆ. "ಇದು ನನಗೆ ಆಗಲಿಲ್ಲಮ್ಮ, ಆ ಅಣಬೆಯದು ಇನ್ನೊಂದು ಸಲ ಹಾಕು" ಎಂದರೆ ಸಾಕು. ಹೋಗಿ ಬಂದ ಮೇಲೆ ಹೇಗಾಯಿತು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ವೀಗನ್ ರೆಸ್ಟೋರೆಂಟ್‌ನಲ್ಲಿ ಮೆರಿಂಗ್ ತಿಂದೆ. ಕಾಳು ಬೇಯಿಸಿದ ನೀರಿನಿಂದ ಮಾಡಿದ್ದು ಎಂದರು. ನಂಬಲಾಗುತ್ತಿಲ್ಲ. ಮನೆಯಲ್ಲಿ ಆಗುತ್ತಾ?

ಆಗುತ್ತದೆ. ಮೆರಿಂಗ್ ಎಂದರೆ ಸಾಮಾನ್ಯವಾಗಿ ಮೊಟ್ಟೆಯ ಬಿಳಿಯನ್ನು ಸಕ್ಕರೆ ಜತೆ ನೊರೆ ಬರಿಸಿ ಓವನ್‌ನಲ್ಲಿ ಒಣಗಿಸಿದ ಗರಿಗರಿ ಸಿಹಿ. ಕಾಬೂಲ್ ಕಡಲೆ ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆ ನೊರೆ ಬರುತ್ತದೆ ಎಂದು 2014ರಲ್ಲಿ ಫ್ರಾನ್ಸಿನ ಜೋಯಲ್ ರೋಸೆಲ್ ಕಂಡುಕೊಂಡರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದರಿಂದ ಮೆರಿಂಗ್ ಮಾಡಿ ಅಕ್ವಾಫಾಬಾ ಎಂದು ಹೆಸರಿಟ್ಟರು.

ಉಪ್ಪು ಹಾಕದೆ ಬೇಯಿಸಿ, ಕಾಳನ್ನು ಅದೇ ನೀರಿನಲ್ಲಿ ಆರಲು ಬಿಟ್ಟು ಸೋಸಿಕೊಳ್ಳಿ. ನೀರು ಮೊಟ್ಟೆಯ ಬಿಳಿಯಷ್ಟು ಮಂದವಾಗಿರಬೇಕು. ತೆಳ್ಳಗಿದ್ದರೆ ಇನ್ನಷ್ಟು ಕುದಿಸಿ ಇಳಿಸಿ, ಪೂರ್ತಿ ತಣ್ಣಗಾಗಲಿ. ಒಂದು ಮೊಟ್ಟೆಯ ಬಿಳಿಗೆ ಎರಡು ಟೇಬಲ್ ಚಮಚ ಲೆಕ್ಕ. ಪಾತ್ರೆಯಲ್ಲಿ ಎಣ್ಣೆಯ ಪಸೆ ಇರಬಾರದು. ಎರಡು ಹನಿ ನಿಂಬೆರಸ ಹಾಕಿ ಬೀಟರ್‌ನಲ್ಲಿ ಹೊಡೆಯಿರಿ. ಮೊದಲು ಸೋಪಿನ ನೀರಿನಂತೆ ದೊಡ್ಡ ಗುಳ್ಳೆ, ಆಮೇಲೆ ಸಣ್ಣ ನೊರೆ, ಹತ್ತು ನಿಮಿಷದ ಹೊತ್ತಿಗೆ ಬೆಳ್ಳಗೆ ಹೊಳೆಯುತ್ತಾ ಬೀಟರ್‌ನ ತುದಿಯಲ್ಲಿ ನಿಲ್ಲುತ್ತದೆ. ಪುಡಿ ಸಕ್ಕರೆಯನ್ನು ಚಮಚ ಚಮಚವಾಗಿಯೇ ಸೇರಿಸಿ, ಒಮ್ಮೆಲೇ ಸುರಿದರೆ ನೊರೆ ಕೂತುಬಿಡುತ್ತದೆ. ಓವನ್ 100 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ, ನಡುವೆ ಬಾಗಿಲು ತೆಗೆಯಬೇಡಿ. ಆರಿದ ತಕ್ಷಣ ಡಬ್ಬಿಗೆ ಹಾಕಿ ಮುಚ್ಚಿ, ಗಾಳಿಯ ತೇವ ತಾಗಿದರೆ ಅಂಟಂಟಾಗುತ್ತದೆ.